ಒಳಬಂದದ್ದು, ಹೊರಹೋದದ್ದು

ಎರಡು ಫೋಟೋ ಕಳಿಸಿದ್ದಾರೆ, ಅಕ್ಕಪಕ್ಕ.
ಒಂದರಲ್ಲಿ ನನ್ನ ಕಾರಿನ ಮೂತಿ, ಬೆಳಿಗ್ಗೆ ಒಂಬತ್ತು ಎರಡು.
ಇನ್ನೊಂದರಲ್ಲಿ ಬೆನ್ನು, ಸಂಜೆ ನಾಲ್ಕು ಹದಿನೇಳು.
ಕೆಳಗೆ ಲೆಕ್ಕ: ಏಳು ಗಂಟೆ ಹದಿನೈದು ನಿಮಿಷ.
ಪುಕ್ಕಟೆ ನಿಲ್ಲಬಹುದಾದದ್ದು ಎರಡು ಗಂಟೆ.
ಮಿಕ್ಕಿದ್ದಕ್ಕೆ ನೂರು ಪೌಂಡು;
ಹದಿನಾಲ್ಕು ದಿನದೊಳಗೆ ತೆಪ್ಪಗೆ ಕೊಟ್ಟರೆ ಅರವತ್ತು.

ಶ್ರೀಮತಿ ಥೆಲ್ಮಾ ಗಾರ್ಬಟ್, ವಾಹನದ ಪಾಲಕರು,
ಎಂದು ಶುರುವಾಗುತ್ತದೆ ಪತ್ರ.
ಪಾಲಕರು.
ಯಾರಾದರೂ ನನ್ನನ್ನು ಹಾಗೆ ಕರೆದು ಎಷ್ಟು ವರ್ಷವಾಯಿತು,
ಈಗ ಕರೆದದ್ದೂ ಒಂದು ಕಾರಿನ ಸಲುವಾಗಿ.

ಪಕ್ಕದ ಮನೆಯ ವಾರ್ಡೆಲ್ ಕನ್ನಡಕ ಒರೆಸಿಕೊಂಡು ಓದಿದ.
ಮೂವತ್ತು ವರ್ಷ ಹಲ್ ಊರಿನ ಬಸ್ಸುಗಳಲ್ಲಿ
ಟಿಕೇಟು ತಪಾಸಣೆ ಮಾಡಿದವನು.
“ದಂಡ ಅಲ್ಲ ಇದು, ಬರೀ ಬಿಲ್ಲು.
ದಂಡ ಹಾಕೋಕೆ ಇವರೇನು ಪೊಲೀಸರಾ?
ಕಾರ್ಪೆಟ್ ಅಂಗಡಿ ಹಿಂದಿನ ಡಾಂಬರು ಕಾಯೋ ಗುಮಾಸ್ತರು.
ಹಾಗಂತ ಒಲೆಗೆ ಹಾಕಬೇಡ, ಕೋರ್ಟಿಗೆ ಹೋದಾರು.
ನೀನು ಎರಡು ಸಲ ಬಂದಿದ್ದು ನಿಜವಾದರೆ
ಕ್ಯಾಮೆರಾ ನಡುವಿನದನ್ನು ನುಂಗಿದೆ.
ನಡುವೆ ಎಲ್ಲಿದ್ದೆ, ಅದನ್ನು ತೋರಿಸು, ಸಾಕು.”

ಅದನ್ನು ತೋರಿಸು, ಸಾಕು.

ಡ್ಯಾಶ್‌ಬೋರ್ಡಿನ ಗೂಡಿಗೆ ಕೈಹಾಕಿದೆ.
ಮೊದಲು ಸಿಕ್ಕಿದ್ದು ಅಂಗಡಿಯ ಚೀಟಿ, ಒಂಬತ್ತು ಹನ್ನೊಂದು:
ಮಕ್ಕಳ ರಬ್ಬರು ಬೂಟು, ಹಳದಿ, ಒಂದು ಜೊತೆ.
ನಾಲ್ಕು ವರ್ಷದ ಪಾದ ಎಷ್ಟಿರುತ್ತದೆ
ಎಂದು ಅಂಗಡಿಯ ಹುಡುಗನನ್ನು ಕೇಳಿದ್ದೆ.
ನಿಮಗೆ ಗೊತ್ತಿರಬೇಕಲ್ಲ, ಎಂಬಂತೆ ನೋಡಿದ್ದ.
ಎರಡನೆಯದೂ ಅಲ್ಲಿಯದೇ, ನಾಲ್ಕು ಒಂಬತ್ತು:
ಅದೇ ಬೂಟು, ವಾಪಸ್ಸು, ಹಣ ಸಂದಿದೆ.
ಇವೆರಡನ್ನೇ ಕಳಿಸಿದರೆ
ಏಳು ಗಂಟೆ ಬೂಟು ಹಿಡಿದು ಅಲ್ಲೇ ಕೂತಿದ್ದೆ ಎಂದಾಗುತ್ತದೆ.

ಆಮೇಲೆ ಸೇತುವೆಯ ಸುಂಕದ ರಸೀದಿ,
ಮಡಚಿ ಮಡಚಿ ಉಗುರಿನಷ್ಟಾದವು ಎರಡು.
ಹೋಗುವಾಗ ಒಂಬತ್ತು ಇಪ್ಪತ್ತಾರು.
ಬರುವಾಗ ಮೂರು ಐವತ್ತೊಂದು.
ಹಂಬರ್ ನದಿಯ ಆಚೆ ದಡ, ಬಾರ್ಟನ್.
ಬ್ರಯನಿ ಇರುವ ಬೀದಿ.

ಆ ಬೀದಿಯ ತುದಿಯಲ್ಲೂ ಫಲಕವಿದೆ:
ಖಾಸಗಿ ಜಾಗ, ನಿವಾಸಿಗಳಿಗೆ ಮಾತ್ರ.
ಆರು ಗಂಟೆ ನಿಲ್ಲಿಸಿದ್ದೆ. ಯಾರೂ ಚೀಟಿ ಅಂಟಿಸಲಿಲ್ಲ.
ಹತ್ತೂವರೆಗೆ ಬಾಗಿಲು ಬಿರಿದು
ಹಾಲಿನ ಬಾಟಲಿ ಒಳಗೆ ಹೋಯಿತು, ಕಂಡದ್ದು ಮಣಿಕಟ್ಟು ಮಾತ್ರ.
ನನ್ನ ಮಗಳದೇ. ಗಡಿಯಾರ ಬಲಗೈಗೆ ಕಟ್ಟುತ್ತಾಳೆ.
ಮಧ್ಯಾಹ್ನ ಪುಟ್ಟದೊಂದು ಕಿಟಕಿಗೆ ಮೂಗೊತ್ತಿ
ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ಏನೋ ಬರೆಯಿತು;
ನನ್ನ ಕಡೆಯಿಂದ ಅದು ಹಿಂದುಮುಂದು.
ಹನ್ನೆರಡು ಹೆಜ್ಜೆ ಇರಬಹುದು ಬಾಗಿಲಿಗೆ.
ಸೀಟ್‌ಬೆಲ್ಟನ್ನೂ ಬಿಚ್ಚಿರಲಿಲ್ಲ ನಾನು.

“ಗೆಳತಿಯ ಮನೆಗೆ ಹೋಗಿದ್ದೆ” ಎಂದೆ ವಾರ್ಡೆಲ್‌ಗೆ.
ಅವನು ನಾಲ್ಕೂ ಚೀಟಿ ಮೇಜಿನ ಮೇಲೆ ನೀವಿ ನೀವಿ ಜೋಡಿಸಿದ:
ಬೂಟು, ಸೇತುವೆ, ಸೇತುವೆ, ಬೂಟು.
ಬಹಳ ಹೊತ್ತು ನೋಡಿದ.
ಟಿಕೇಟು ಸರಿಯಿದ್ದರೆ ಪಯಣ ಯಾಕೆಂದು ಕೇಳಿದವನಲ್ಲ.
“ಚಹಾ ಉಳಿದಿದೆಯಾ?” ಎಂದ.

ಮೂರು ವಾರಕ್ಕೆ ಉತ್ತರ ಬಂತು.
ನಿಮ್ಮ ಮನವಿ ಪರಿಶೀಲಿಸಲಾಗಿದೆ.
ಸೌಹಾರ್ದದ ಕುರುಹಾಗಿ ಈ ಒಂದು ಸಲಕ್ಕೆ ಶುಲ್ಕ ರದ್ದು.
ತಪ್ಪು ನಮ್ಮದು ಎಂಬ ಮಾತು ಹುಡುಕಿದರೂ ಇಲ್ಲ.
ಸಹಿಯ ಜಾಗದಲ್ಲಿ: ಮೇಲ್ಮನವಿ ವಿಭಾಗ.
ಆ ವಿಭಾಗದ ಯಾವನೋ ಒಬ್ಬ
ಮಧ್ಯಾಹ್ನದ ಸ್ಯಾಂಡ್‌ವಿಚ್ ತಿನ್ನುತ್ತ
ನಾನು ಹೋಗಿದ್ದೆ ಎಂದು ಒಪ್ಪಿಕೊಂಡಿದ್ದಾನೆ.
ಹೋಗಿದ್ದೆ ಎಂದು ಅವಳಿಗೆ ಗೊತ್ತಿಲ್ಲ.

“ಅರವತ್ತು ಉಳೀತಲ್ಲ” ಎಂದ ವಾರ್ಡೆಲ್, ಬೇಲಿಯ ಆಚೆಯಿಂದ.
ಉಳಿಯಿತು.
ಶನಿವಾರ ಮತ್ತೆ ಆ ಅಂಗಡಿಗೆ ಹೋಗಬೇಕು,
ಈ ಸಲ ಬಸ್ಸಿನಲ್ಲಿ.
ಬೂಟು ಒಂದು ಅಳತೆ ದೊಡ್ಡದೇ ಇರಲಿ.